ಕಡಿಮೆ ಕಾಸಿನ ಕತ್ತಲೆ: ಹಳೆಯ ಬಿ-ಚಿತ್ರಗಳನ್ನು ನೋಡುವ ಬಗೆ

ಬಿ-ಚಿತ್ರ ಹುಟ್ಟಿದ್ದು ಚಿತ್ರಮಂದಿರದ ಲೆಕ್ಕಾಚಾರದಿಂದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಜನ ಬರುವುದು ಕಡಿಮೆಯಾದಾಗ, ಮಾಲೀಕರು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಹಿಡಿದರು. ಮೊದಲನೆಯದು ದೊಡ್ಡ ತಾರೆಯರ, ದೊಡ್ಡ ಬಂಡವಾಳದ ಚಿತ್ರ. ಅದರ ಜೊತೆಗೆ ಒಂದು ಗಂಟೆಯಿಂದ ಒಂದೂಕಾಲು ಗಂಟೆಯೊಳಗೆ ಮುಗಿಯುವ, ಕಡಿಮೆ ಖರ್ಚಿನ ಇನ್ನೊಂದು ಚಿತ್ರ. ಇದೇ ಬಿ-ಚಿತ್ರ. ಮುಖ್ಯ ಚಿತ್ರದ ಗಳಿಕೆಯಲ್ಲಿ ಸ್ಟುಡಿಯೊಗೆ ಶೇಕಡಾವಾರು ಪಾಲು ಸಿಗುತ್ತಿತ್ತು. ಬಿ-ಚಿತ್ರಕ್ಕೆ ಸಿಗುತ್ತಿದ್ದುದು ನಿಗದಿಯಾದ ಬಾಡಿಗೆ ಮಾತ್ರ. ಎಷ್ಟೇ ಜನ ನೋಡಿದರೂ ಆ ಬಾಡಿಗೆ ಏರುತ್ತಿರಲಿಲ್ಲ. ಹಾಗಾಗಿ ಲಾಭ ಬೇಕಿದ್ದರೆ ಖರ್ಚು ಇಳಿಸುವುದೊಂದೇ ದಾರಿ.

ಈ ಒಂದು ಸಂಗತಿಯಿಂದಲೇ ಬಿ-ಚಿತ್ರದ ಉಳಿದೆಲ್ಲ ಲಕ್ಷಣಗಳೂ ಹೊರಡುತ್ತವೆ: ಕೆಲವೇ ದಿನಗಳ ಚಿತ್ರೀಕರಣ, ಬೇರೆ ಚಿತ್ರಕ್ಕೆ ಹಾಕಿದ ಸೆಟ್ಟಿನ ಮರುಬಳಕೆ, ಹೆಸರಿಲ್ಲದ ನಟರು, ಕಣ್ಣು ಸೆಳೆಯುವ ಶೀರ್ಷಿಕೆ. ಇಂಥ ಚಿತ್ರಗಳನ್ನು ಡಬ್ಬಾ ಸಿನಿಮಾ ಎಂದು ತಳ್ಳಿಹಾಕುವುದು ಸುಲಭ. ತಮಾಷೆಗೆಂದು ನೋಡಿ ನಗುವುದು ಇನ್ನೂ ಸುಲಭ. ಆದರೆ ಹಣವಿಲ್ಲದ ಕಡೆ, ಸಮಯವಿಲ್ಲದ ಕಡೆ ನಿರ್ದೇಶಕ ಏನು ಮಾಡಿದ ಎಂಬುದನ್ನು ಗುರುತಿಸಲು ಕಲಿತ ಪ್ರೇಕ್ಷಕನಿಗೆ ಇವುಗಳಲ್ಲಿ ದೊಡ್ಡ ಚಿತ್ರಗಳೂ ಕೊಡದ ಸುಖ ಸಿಗುತ್ತದೆ. ಆ ನೋಟವನ್ನು ರೂಢಿಸಿಕೊಳ್ಳಲು, ಮುಖ್ಯವಾಗಿ 1940ರಿಂದ 1970ರವರೆಗಿನ ಅಮೆರಿಕದ ಭಯಾನಕ ಚಿತ್ರಗಳನ್ನು ಆಧರಿಸಿದ ಕೈಪಿಡಿ ಇದು.

ಮೂರು ಕಾಲಘಟ್ಟಗಳು

ಚಿತ್ರ ಯಾವ ಕಾಲದ್ದು, ಯಾವ ಪ್ರೇಕ್ಷಕರಿಗಾಗಿ ತಯಾರಾದದ್ದು ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಸ್ಟುಡಿಯೊ ಕಾಲ. ದೊಡ್ಡ ಸ್ಟುಡಿಯೊಗಳಲ್ಲಿ ಬಿ-ಚಿತ್ರಕ್ಕೆಂದೇ ಪ್ರತ್ಯೇಕ ವಿಭಾಗಗಳಿದ್ದವು. ಮೊನೊಗ್ರಾಂ, ರಿಪಬ್ಲಿಕ್, ಪಿಆರ್‌ಸಿಯಂಥ ಸಣ್ಣ ಸಂಸ್ಥೆಗಳು ಬಹುಮಟ್ಟಿಗೆ ಅಗ್ಗದ ಚಿತ್ರಗಳಿಂದಲೇ ಬದುಕಿದವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ವ್ಯವಸ್ಥೆಯ ಬುಡ ಅಲುಗಿಸಿತು. ತಾರೆಯರ ಚಿತ್ರ ಬೇಕಾದರೆ ಉಳಿದವನ್ನೂ ಒಟ್ಟಿಗೆ ಕೊಳ್ಳಬೇಕೆಂದು ಚಿತ್ರಮಂದಿರಗಳ ಮೇಲೆ ಹೇರುವ ಪದ್ಧತಿ ನಿಂತಿತು. ದೊಡ್ಡ ಸ್ಟುಡಿಯೊಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು.

ಎರಡನೆಯದು ಡ್ರೈವ್-ಇನ್ ಕಾಲ. 1950ರ ದಶಕದಲ್ಲಿ ದೊಡ್ಡವರು ಟೀವಿಯ ಮುಂದೆ ಕುಳಿತರೆ, ಹದಿಹರೆಯದವರು ಕಾರು ತೆಗೆದುಕೊಂಡು ಬಯಲು ಚಿತ್ರಮಂದಿರಗಳಿಗೆ ಹೊರಟರು. ಆ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಅಂಥ 4,000ಕ್ಕೂ ಹೆಚ್ಚು ಚಿತ್ರಮಂದಿರಗಳಿದ್ದವು. ಜೇಮ್ಸ್ ನಿಕೋಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಕಟ್ಟಿದ, ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದ ಸಂಸ್ಥೆ ಈ ಹುಡುಗ ಹುಡುಗಿಯರಿಗಾಗಿಯೇ ಚಿತ್ರ ತಯಾರಿಸಿತು.

ಮೂರನೆಯದು ಮಧ್ಯರಾತ್ರಿ ಪ್ರದರ್ಶನಗಳ ಕಾಲ. ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರದಲ್ಲಿ 1970ರ ಡಿಸೆಂಬರಿನಿಂದ ಅಲೆಹಾಂಡ್ರೊ ಹೊಡೊರೋವ್‌ಸ್ಕಿಯ 'ಎಲ್ ಟೋಪೊ' ತಡರಾತ್ರಿ ಓಡತೊಡಗಿತು. ಜಾಹೀರಾತಿಗಿಂತ ಬಾಯಿಮಾತೇ ಜನರನ್ನು ಕರೆತಂದಿತು. ಮುಂದೆ 'ದಿ ರಾಕಿ ಹಾರರ್ ಪಿಕ್ಚರ್ ಶೋ' (1975), 'ಇರೇಸರ್‌ಹೆಡ್' (1977) ಮೊದಲಾದವು ಇದೇ ದಾರಿಯಲ್ಲಿ ತಮ್ಮ ಪ್ರೇಕ್ಷಕರನ್ನು ಕಂಡುಕೊಂಡವು. ಇಂದು ಕಲ್ಟ್ ಚಿತ್ರ ಎನ್ನುವುದು ಹೀಗೆ ಬಿಡುಗಡೆಯ ನಂತರವೂ ನಿಷ್ಠಾವಂತ ಪ್ರೇಕ್ಷಕರು ಮತ್ತೆ ಮತ್ತೆ ನೋಡಿ ಉಳಿಸಿಕೊಂಡ ಚಿತ್ರಗಳನ್ನು. ಆದ್ದರಿಂದ ಬಿ-ಚಿತ್ರಗಳೆಲ್ಲ ಕಲ್ಟ್ ಆಗುವುದಿಲ್ಲ, ಕಲ್ಟ್ ಆದವೆಲ್ಲ ಬಿ-ಚಿತ್ರಗಳೂ ಅಲ್ಲ.

ಕತ್ತಲೆ ಮತ್ತು ಸದ್ದು

ಭಯಾನಕ ಬಿ-ಚಿತ್ರದಲ್ಲಿ ಮೊದಲು ಗಮನಿಸಬೇಕಾದದ್ದು ಏನನ್ನು ತೋರಿಸಿಲ್ಲ ಎಂಬುದನ್ನು. 1942ರಲ್ಲಿ ಆರ್‌ಕೆಒ ಸ್ಟುಡಿಯೊ ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಭಯಾನಕ ಚಿತ್ರಗಳ ವಿಭಾಗವನ್ನು ಒಪ್ಪಿಸಿತು. ಷರತ್ತು ಮೂರು: ಖರ್ಚು 1.5 ಲಕ್ಷ ಡಾಲರ್ ಮೀರಬಾರದು, ಚಿತ್ರ 75 ನಿಮಿಷದೊಳಗೆ ಇರಬೇಕು, ಶೀರ್ಷಿಕೆಯನ್ನು ಸ್ಟುಡಿಯೊ ಕೊಡುತ್ತದೆ. ಮೊದಲು ಬಂದ ಶೀರ್ಷಿಕೆ 'ಕ್ಯಾಟ್ ಪೀಪಲ್'. ಬೆಕ್ಕಿನ ವೇಷ ತೊಡಿಸಿ ನಟರನ್ನು ಕುಣಿಸಬಹುದಾಗಿದ್ದ ಈ ಹೆಸರಿಗೆ ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ತದ್ವಿರುದ್ಧ ಹಾದಿ ಹಿಡಿದರು. ಕೋಪ ಅಥವಾ ಅಸೂಯೆ ಕೆರಳಿದರೆ ತಾನು ಚಿರತೆಯಾಗುತ್ತೇನೆಂದು ನಂಬಿರುವ ಐರೀನಾ ಎಂಬ ಹೆಣ್ಣಿನ ಕಥೆ ಅದು. ನಂಬಿಕೆ ನಿಜವೋ ಭ್ರಮೆಯೋ ಎಂಬುದನ್ನು ಚಿತ್ರ ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ.

ಅದರ ಒಂದು ದೃಶ್ಯವನ್ನು ಬಿಡಿಸಿ ನೋಡಬೇಕು. ರಾತ್ರಿ, ಉದ್ಯಾನದ ಕಲ್ಲುಗೋಡೆಯ ಪಕ್ಕದ ರಸ್ತೆ. ಐರೀನಾಳ ಗಂಡನ ಸಹೋದ್ಯೋಗಿ ಆಲಿಸ್ ಒಬ್ಬಳೇ ನಡೆದು ಹೋಗುತ್ತಿದ್ದಾಳೆ, ಐರೀನಾ ಹಿಂದಿನಿಂದ ಬರುತ್ತಿದ್ದಾಳೆ. ದೀಪದ ಕಂಬದ ಕೆಳಗೆ ಬೆಳಕಿನ ವೃತ್ತ, ಮುಂದಿನ ಕಂಬದವರೆಗೆ ಕತ್ತಲೆ, ಮತ್ತೆ ಬೆಳಕು. ಹಿನ್ನೆಲೆ ಸಂಗೀತವಿಲ್ಲ. ಇಬ್ಬರ ಚಪ್ಪಲಿಯ ಹಿಮ್ಮಡಿಯ ಸದ್ದು ಮಾತ್ರ, ಒಬ್ಬಳದು ನಿಧಾನ, ಇನ್ನೊಬ್ಬಳದು ಚುರುಕು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಹೆಜ್ಜೆಯ ಸದ್ದು ನಿಲ್ಲುತ್ತದೆ. ಆಲಿಸ್ ತಿರುಗಿ ನೋಡುತ್ತಾಳೆ, ರಸ್ತೆ ಖಾಲಿ. ಅವಳ ನಡಿಗೆ ಓಟವಾಗುತ್ತದೆ. ಇದ್ದಕ್ಕಿದ್ದಂತೆ ಕಾಡುಮೃಗ ಬುಸುಗುಟ್ಟಿದಂಥ ಸದ್ದು, ಅದರ ಬೆನ್ನಿಗೇ ಚೌಕಟ್ಟಿನೊಳಕ್ಕೆ ನುಗ್ಗುವುದು ಒಂದು ಬಸ್ಸು. ಸದ್ದು ಬಸ್ಸಿನದು. ಆಮೇಲೆ ಕುರಿಗಳು ಸತ್ತು ಬಿದ್ದಿರುವುದು ಗೊತ್ತಾಗುತ್ತದೆ, ಮಣ್ಣಿನಲ್ಲಿ ಮೃಗದ ಹೆಜ್ಜೆಗುರುತುಗಳು ನಡೆಯುತ್ತ ನಡೆಯುತ್ತ ಹೆಂಗಸಿನ ಚಪ್ಪಲಿಯ ಗುರುತಾಗುತ್ತವೆ. ಮೃಗ ಒಮ್ಮೆಯೂ ಕಂಡಿಲ್ಲ.

ಈ ದೃಶ್ಯಕ್ಕೆ ಬೇಕಾದದ್ದು ಒಂದು ಗೋಡೆ, ಕೆಲವು ದೀಪ, ಇಬ್ಬರು ನಟಿಯರು, ಒಂದು ಬಸ್ಸು. ಉಳಿದದ್ದು ಛಾಯಾಗ್ರಾಹಕ ನಿಕೋಲಸ್ ಮ್ಯುಸುರಾಕಾ ಮತ್ತು ಸಂಕಲನಕಾರ ಮಾರ್ಕ್ ರಾಬ್ಸನ್ ಅವರ ಕೈಚಳಕ. ಪ್ರೇಕ್ಷಕರನ್ನು ಹೀಗೆ ಹುಸಿ ಗಾಬರಿಗೆ ಬೀಳಿಸುವ ತಂತ್ರಕ್ಕೆ ಚಿತ್ರರಂಗದಲ್ಲಿ ಇಂದಿಗೂ ಲ್ಯೂಟನ್ ಬಸ್ ಎಂದೇ ಹೆಸರು. ಹಳೆಯ ಭಯಾನಕ ಚಿತ್ರ ನೋಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಬೆಳಕು ಎಲ್ಲಿ ನಿಲ್ಲುತ್ತದೆ? ಸದ್ದು ಯಾವಾಗ ನಿಲ್ಲುತ್ತದೆ? ಭಯದ ಕೀಲಿ ಬಹಳ ಸಲ ಅಲ್ಲೇ ಇರುತ್ತದೆ.

ಸೆಟ್ಟು ಮತ್ತು ಸಮಯ

ಎರಡನೆಯದಾಗಿ ನೋಡಬೇಕಾದದ್ದು ಕಥೆ ನಡೆಯುವ ಜಾಗವನ್ನು. 'ಕ್ಯಾಟ್ ಪೀಪಲ್'ನಲ್ಲಿ ಐರೀನಾಳ ಮನೆಯ ಭವ್ಯ ಮೆಟ್ಟಿಲುಸಾಲು ಆರ್ಸನ್ ವೆಲ್ಸ್‌ನ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'ಗಾಗಿ ಕಟ್ಟಿದ್ದು. ಹೀಗೆ ಮಿಗತೆ ಸೆಟ್ಟನ್ನು ಬಳಸುವುದನ್ನು ಒಂದು ವಿದ್ಯೆಯನ್ನಾಗಿ ಬೆಳೆಸಿದವನು ರೋಜರ್ ಕೋರ್ಮನ್ (1926–2024). ಅವನ 'ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್' (1960) ಚಿತ್ರದ ಮುಖ್ಯ ಭಾಗಗಳು ಬೇರೊಂದು ಚಿತ್ರದಿಂದ ಉಳಿದಿದ್ದ ಸೆಟ್ಟಿನಲ್ಲಿ ಎರಡೇ ದಿನಗಳಲ್ಲಿ ಮುಗಿದವು. ಹೊರಗಿನ ದೃಶ್ಯಗಳನ್ನು ಆಮೇಲೆ ಚಿಕ್ಕ ತಂಡ ತೆಗೆದು ಸೇರಿಸಿತು. ರಕ್ತ ಕುಡಿದು ಬೆಳೆಯುವ ಗಿಡ, ಅದನ್ನು ಸಾಕುವ ಹೂವಿನಂಗಡಿಯ ಹುಡುಗ, ಹಲ್ಲಿನ ವೈದ್ಯರ ಬಳಿ ನೋವನ್ನು ಆಸ್ವಾದಿಸುವ ರೋಗಿಯಾಗಿ ಇನ್ನೂ ಹೆಸರಾಗದ ಜಾಕ್ ನಿಕೋಲ್ಸನ್: ಎಲ್ಲಕ್ಕೂ ರಂಗನಾಟಕದ ವೇಗವಿದೆ. ಹೆಚ್ಚು ಟೇಕುಗಳಿಗೆ ಸಮಯವಿಲ್ಲದ್ದರಿಂದಲೇ ಆ ವೇಗ ಬಂದಿದೆ.

ಅದೇ ವರ್ಷ ಕೋರ್ಮನ್ ಇನ್ನೊಂದು ದಾರಿಯನ್ನೂ ತುಳಿದ. ಎರಡು ಕಪ್ಪು-ಬಿಳುಪು ಚಿತ್ರಗಳನ್ನು ಜೋಡಿಸಿ ಮಾರುತ್ತಿದ್ದ ಅಮೆರಿಕನ್ ಇಂಟರ್‌ನ್ಯಾಷನಲ್ ಸಂಸ್ಥೆಯನ್ನು ಒಪ್ಪಿಸಿ, ಎಡ್ಗರ್ ಆಲನ್ ಪೋ ಕಥೆಯನ್ನು ಬಣ್ಣದಲ್ಲಿ, ಅಗಲ ಪರದೆಗೆ ತೆಗೆದ. ವಿನ್ಸೆಂಟ್ ಪ್ರೈಸ್ ನಟಿಸಿದ 'ಹೌಸ್ ಆಫ್ ಅಷರ್' ಹದಿನೈದು ದಿನಗಳ ಚಿತ್ರೀಕರಣದ್ದು. ಡೇನಿಯಲ್ ಹಾಲರ್‌ನ ಕಲಾ ನಿರ್ದೇಶನ ಮತ್ತು ಫ್ಲಾಯ್ಡ್ ಕ್ರಾಸ್ಬಿಯ ಛಾಯಾಗ್ರಹಣ ಕೆಲವೇ ಕೋಣೆಗಳನ್ನು ಕೊನೆಯಿಲ್ಲದ ಮನೆಯಂತೆ ಕಾಣಿಸುತ್ತವೆ. ಮಂಜು, ಉದ್ದನೆಯ ಓಣಿ, ಚೌಕಟ್ಟಿನ ಅಂಚಿನಲ್ಲಿ ಮುರಿದ ಮರದ ಕೊಂಬೆ ಸೆಟ್ಟಿನ ಕೊನೆಯನ್ನು ಮರೆಸುತ್ತವೆ. ಕೊನೆಯಲ್ಲಿ ಬರುವ ಬೆಂಕಿಯ ದೃಶ್ಯಕ್ಕೆ ನಿಜವಾದ ಹಳೆಯ ಕೊಟ್ಟಿಗೆಯೊಂದನ್ನು ಸುಡಲಾಯಿತು. ಆ ಉರಿಯುವ ತೊಲೆಗಳು ಕೋರ್ಮನ್‌ನ ಮುಂದಿನ ಚಿತ್ರಗಳಲ್ಲೂ ಮತ್ತೆ ಬರುತ್ತವೆ.

ಕಡಿಮೆ ಸಮಯದಲ್ಲಿ ಕೆಲಸ ಮುಗಿಸುವ ಈ ಶಿಸ್ತು ಒಂದು ಪೀಳಿಗೆಗೆ ಶಾಲೆಯಾಯಿತು. ಫ್ರಾನ್ಸಿಸ್ ಫೋರ್ಡ್ ಕೊಪೊಲಾ 'ಡಿಮೆನ್ಷಿಯಾ 13' (1963), ಪೀಟರ್ ಬೊಗ್ದನೊವಿಚ್ 'ಟಾರ್ಗೆಟ್ಸ್' (1968), ಮಾರ್ಟಿನ್ ಸ್ಕೋರ್ಸೆಸಿ 'ಬಾಕ್ಸ್‌ಕಾರ್ ಬರ್ತಾ' (1972), ಜೊನಾಥನ್ ಡೆಮಿ 'ಕೇಜ್ಡ್ ಹೀಟ್' (1974) ಮಾಡಿದ್ದು ಕೋರ್ಮನ್‌ನ ಆಸರೆಯಲ್ಲಿ. 2009ರಲ್ಲಿ ಅವನಿಗೆ ಗೌರವ ಆಸ್ಕರ್ ಸಂದಿತು.

ನಿಜವಾದ ಜಾಗ, ಪರಿಚಯವಿಲ್ಲದ ಮುಖ

ಹಾಲಿವುಡ್ಡಿನಿಂದ ದೂರ ತಯಾರಾದ ಚಿತ್ರಗಳಲ್ಲಿ ಸೆಟ್ಟಿನ ಬದಲು ಊರೇ ಇರುತ್ತದೆ. ಕಾನ್ಸಾಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ಶೈಕ್ಷಣಿಕ ಮತ್ತು ಕೈಗಾರಿಕಾ ಚಿತ್ರಗಳನ್ನು ತಯಾರಿಸುತ್ತಿದ್ದ ಹರ್ಕ್ ಹಾರ್ವಿ, ಯೂಟಾದ ಉಪ್ಪುಸರೋವರದ ದಡದಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ವಿಹಾರಮಂದಿರವನ್ನು ಪ್ರಯಾಣದಲ್ಲಿ ಕಂಡ. ಆ ಕಟ್ಟಡವೇ 'ಕಾರ್ನಿವಲ್ ಆಫ್ ಸೋಲ್ಸ್' (1962) ಚಿತ್ರದ ಬೀಜ. ಕೆಲಸಕ್ಕೆ ರಜೆ ಹಾಕಿ, ಸುಮಾರು 33 ಸಾವಿರ ಡಾಲರಿನಲ್ಲಿ ಆತ ಚಿತ್ರ ಮುಗಿಸಿದ; ಪ್ರೇತದ ಪಾತ್ರವನ್ನೂ ತಾನೇ ಮಾಡಿದ.

ಸೇತುವೆಯಿಂದ ನದಿಗೆ ಬಿದ್ದ ಕಾರಿನಿಂದ ಬದುಕಿ ಬಂದ ಮೇರಿ ಎಂಬ ಚರ್ಚ್ ಆರ್ಗನ್ ವಾದಕಿಯ ಕಥೆ ಇದು. ಒಂದು ಕಡೆ ಅವಳು ಬಟ್ಟೆ ಅಂಗಡಿಯಲ್ಲಿ ಇದ್ದಾಗ ಸುತ್ತಲಿನ ಸದ್ದೆಲ್ಲ ಅಡಗಿಬಿಡುತ್ತದೆ. ಅವಳ ಮಾತು ಯಾರಿಗೂ ಕೇಳಿಸುವುದಿಲ್ಲ, ಅವಳು ಯಾರ ಕಣ್ಣಿಗೂ ಕಾಣಿಸುವುದಿಲ್ಲ. ಧ್ವನಿಪಥದಿಂದ ಸದ್ದನ್ನು ತೆಗೆದುಹಾಕುವುದಕ್ಕೆ ಖರ್ಚೇನೂ ಇಲ್ಲ, ಆದರೆ ಒಬ್ಬ ಹೆಣ್ಣು ಲೋಕದಿಂದ ಕಳಚಿಕೊಳ್ಳುವುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ. ಇಂಥ ಚಿತ್ರಗಳಲ್ಲಿ ಪೋಷಕ ನಟರ ಅಭಿನಯ ಬಿಗಿಯಾಗಿ, ಸಂಭಾಷಣೆ ಒಪ್ಪಿಸಿದಂತೆ ಇರುವುದುಂಟು. ಅದನ್ನು ದೋಷವೆಂದು ಬದಿಗಿಡುವ ಮೊದಲು ಅದು ಚಿತ್ರದ ಹವೆಗೆ ಏನು ಕೊಡುತ್ತಿದೆ ಎಂದು ನೋಡಬೇಕು. ಇಲ್ಲಿ ಆ ಬಿಗಿತದಿಂದಲೇ ಊರಿನವರು ಮೇರಿಗೆ ಪರಕೀಯರಾಗಿ ಕಾಣುತ್ತಾರೆ.

ದೊಡ್ಡ ಚಿತ್ರಗಳು ಹೇಳದ ಮಾತು

ಬಂಡವಾಳ ಸಣ್ಣದಾದಷ್ಟೂ ಮೇಲಿನವರ ಕಾವಲು ಸಡಿಲ. ಹಾಗಾಗಿ ದೊಡ್ಡ ಸ್ಟುಡಿಯೊಗಳು ಮುಟ್ಟಲು ಅಂಜುತ್ತಿದ್ದ ವಿಷಯಗಳು ಬಿ-ಚಿತ್ರಗಳಲ್ಲಿ ಬಂದವು. ಇದಕ್ಕೆ ದೊಡ್ಡ ನಿದರ್ಶನ ಜಾರ್ಜ್ ರೊಮೆರೊನ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968). ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರಗಳನ್ನು ತಯಾರಿಸುತ್ತಿದ್ದ ಗೆಳೆಯರು ಸುಮಾರು 1.14 ಲಕ್ಷ ಡಾಲರಿನಲ್ಲಿ ಮಾಡಿದ ಚಿತ್ರ. ಎದ್ದು ಬಂದ ಹೆಣಗಳಿಂದ ತಪ್ಪಿಸಿಕೊಳ್ಳಲು ಕೆಲವರು ಒಂದು ತೋಟದ ಮನೆ ಸೇರಿಕೊಳ್ಳುತ್ತಾರೆ. ಕಪ್ಪು-ಬಿಳುಪಿನಲ್ಲಿ ತೆಗೆದದ್ದರಿಂದ ಚಾಕಲೇಟ್ ಸಿರಪ್ಪೇ ರಕ್ತವಾಯಿತು.

ನಾಯಕ ಬೆನ್ ಪಾತ್ರ ಮಾಡಿದವನು ಕಪ್ಪು ವರ್ಣೀಯ ನಟ ಡುವೇನ್ ಜೋನ್ಸ್. ಬಿಳಿಯರಿಗೆ ಅವನು ಆಜ್ಞೆ ಕೊಡುತ್ತಾನೆ, ವಾದಿಸುತ್ತಾನೆ, ಒಬ್ಬನನ್ನು ಹೊಡೆಯುತ್ತಾನೆ. ಅವನ ಬಣ್ಣದ ಬಗ್ಗೆ ಚಿತ್ರದಲ್ಲಿ ಒಂದು ಮಾತೂ ಬರುವುದಿಲ್ಲ. ಕೊನೆಯಲ್ಲಿ ಬಂದೂಕು ಹಿಡಿದು ಬರುವ ರಕ್ಷಣಾ ತಂಡ ಅವನನ್ನೇ ಹೆಣವೆಂದು ತಿಳಿದು ಗುಂಡಿಕ್ಕುತ್ತದೆ. ಆಗ ಚಲಿಸುವ ಚಿತ್ರ ನಿಂತು, ಪತ್ರಿಕೆಯಲ್ಲಿ ಅಚ್ಚಾದಂಥ ಮಸುಕು ಸ್ಥಿರಚಿತ್ರಗಳು ಒಂದರ ಹಿಂದೊಂದು ಬರುತ್ತವೆ: ಕೊಕ್ಕೆ ಹಿಡಿದ ಗಂಡಸರು, ನೆಲದ ಮೇಲೆ ದೇಹ, ಕಟ್ಟಿಗೆಯ ರಾಶಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ತೆರೆಕಂಡ ಈ ಚಿತ್ರವನ್ನು ನೋಡಿದ ಅಮೆರಿಕನ್ನರಿಗೆ ಆ ಸ್ಥಿರಚಿತ್ರಗಳ ಅರ್ಥವನ್ನು ಯಾರೂ ವಿವರಿಸಬೇಕಿರಲಿಲ್ಲ. 1999ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಿತ್ರ ದಾಖಲಾತಿಗೆ ಸೇರಿತು.

ಪೋಸ್ಟರೂ ಚಿತ್ರದ ಭಾಗ

ಬಿ-ಚಿತ್ರದ ಪೋಸ್ಟರು, ಶೀರ್ಷಿಕೆ, ಪ್ರಚಾರಗಳನ್ನು ಚಿತ್ರದಿಂದ ಬೇರ್ಪಡಿಸಿ ನೋಡಬಾರದು. ಅಮೆರಿಕನ್ ಇಂಟರ್‌ನ್ಯಾಷನಲ್ ಸಂಸ್ಥೆ ಎಷ್ಟೋ ಸಲ ಮೊದಲು ಶೀರ್ಷಿಕೆ, ನಂತರ ಪೋಸ್ಟರು, ಕೊನೆಗೆ ಚಿತ್ರಕಥೆ ಎಂಬ ಕ್ರಮದಲ್ಲಿ ಕೆಲಸ ಮಾಡಿತು. ನಿರ್ಮಾಪಕ-ನಿರ್ದೇಶಕ ವಿಲಿಯಂ ಕಾಸಲ್ ಪ್ರದರ್ಶನವನ್ನೇ ಜಾತ್ರೆಯಾಗಿಸಿದ. 'ಮಕಾಬರ್' (1958) ನೋಡಿ ಭಯದಿಂದ ಸತ್ತವರಿಗೆ 1,000 ಡಾಲರಿನ ವಿಮೆ. 'ಹೌಸ್ ಆನ್ ಹಾಂಟೆಡ್ ಹಿಲ್' (1959) ನಡುವೆ ಪ್ರೇಕ್ಷಕರ ತಲೆಯ ಮೇಲೆ ತಂತಿಯಲ್ಲಿ ತೇಲಿಬರುವ ಅಸ್ಥಿಪಂಜರ. 'ದಿ ಟಿಂಗ್ಲರ್' (1959) ಚಿತ್ರಕ್ಕೆ ಕೆಲವು ಕುರ್ಚಿಗಳ ಅಡಿಯಲ್ಲಿ ನಡುಗುವ ಯಂತ್ರ. ಇಂಥ ಚಿತ್ರಗಳನ್ನು ಮನೆಯಲ್ಲಿ ಒಬ್ಬರೇ ನೋಡಿದರೆ ಅರ್ಧ ರುಚಿ ತಪ್ಪುತ್ತದೆ. ನಾಲ್ಕಾರು ಜನ ಸೇರಿ ನೋಡಿದಾಗ ಯಾವ ಕ್ಷಣವನ್ನು ಕಿರುಚಾಟಕ್ಕೆಂದೇ ಕಟ್ಟಲಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಎಕ್ಸ್‌ಪ್ಲಾಯ್ಟೇಷನ್: ಎಚ್ಚರದ ನೋಟ

ಸೆನ್ಸಾರ್ ನಿಯಮಗಳು ಬೇಡವೆಂದದ್ದನ್ನೇ ಬಂಡವಾಳ ಮಾಡಿಕೊಂಡ ಚಿತ್ರಗಳು ಎಕ್ಸ್‌ಪ್ಲಾಯ್ಟೇಷನ್ ಚಿತ್ರಗಳು. ಹಾಲಿವುಡ್ಡಿನ ನೀತಿಸಂಹಿತೆ 1934ರಿಂದ ಬಿಗಿಯಾದಾಗ, ಅದಕ್ಕೆ ಒಳಪಡದ ನಿರ್ಮಾಪಕರು ಮಾದಕವಸ್ತು, ಲೈಂಗಿಕತೆ ಮೊದಲಾದ ವಿಷಯಗಳನ್ನು ನೀತಿಪಾಠದ ಹೊದಿಕೆಯಲ್ಲಿ ತೋರಿಸಿದರು. ಕ್ರೋಗರ್ ಬ್ಯಾಬ್‌ನ 'ಮಾಮ್ ಅಂಡ್ ಡ್ಯಾಡ್' (1945) ಊರೂರು ಸುತ್ತಿತು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಪ್ರದರ್ಶನ, ನಡುವೆ ಆರೋಗ್ಯ ಭಾಷಣ, ಪುಸ್ತಿಕೆಗಳ ಮಾರಾಟ. 1963ರ 'ಬ್ಲಡ್ ಫೀಸ್ಟ್' ಬಣ್ಣದ ರಕ್ತವನ್ನೇ ಮುಖ್ಯ ಆಕರ್ಷಣೆಯಾಗಿಸಿತು.

1970ರ ದಶಕದ ಆರಂಭದಲ್ಲಿ ಕಪ್ಪು ವರ್ಣೀಯ ಪ್ರೇಕ್ಷಕರಿಗಾಗಿ ಬಂದ ಅಲೆಯನ್ನು ಬ್ಲ್ಯಾಕ್ಸ್‌ಪ್ಲಾಯ್ಟೇಷನ್ ಎನ್ನುತ್ತಾರೆ. ಮೆಲ್ವಿನ್ ವಾನ್ ಪೀಬಲ್ಸ್ 1971ರಲ್ಲಿ ಸ್ವತಂತ್ರವಾಗಿ ತಯಾರಿಸಿದ 'ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡಾಸ್ ಸಾಂಗ್', ಗಾರ್ಡನ್ ಪಾರ್ಕ್ಸ್‌ನ 'ಶಾಫ್ಟ್', ಪ್ಯಾಮ್ ಗ್ರಿಯರ್ ನಟಿಸಿದ 'ಕಾಫಿ' (1973) ಇವುಗಳಲ್ಲಿ ಮುಖ್ಯ. ಪೊಲೀಸರಿಗೂ ದಂಧೆಕೋರರಿಗೂ ಎದುರು ನಿಲ್ಲುವ ಕಪ್ಪು ನಾಯಕ ನಾಯಕಿಯರನ್ನು ಇವು ಪರದೆಯ ನಡುವೆ ತಂದವು. ಕಪ್ಪು ಸಮುದಾಯವನ್ನು ಮಾದಕವಸ್ತು ಮತ್ತು ಹಿಂಸೆಯ ಅಚ್ಚಿನಲ್ಲಿ ತೋರಿಸುತ್ತವೆ ಎಂದು ಆ ಸಮುದಾಯದ ಸಂಘಟನೆಗಳೇ ಇವನ್ನು ಖಂಡಿಸಿದವು. ಎರಡು ಮಾತೂ ನಿಜ, ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ನೋಡುವುದೇ ಸರಿಯಾದ ನೋಟ. ಹೆಣ್ಣಿನ ಮೇಲಿನ ಹಿಂಸೆಯನ್ನು ಮೋಜಿಗಾಗಿ ತೋರಿಸುವ ಚಿತ್ರಗಳೂ ಈ ವರ್ಗದಲ್ಲಿ ಬೇಕಾದಷ್ಟಿವೆ. ಹಳೆಯದೆಂಬ ಕಾರಣಕ್ಕೆ ಅವನ್ನು ಸಹಿಸಿಕೊಳ್ಳಬೇಕಿಲ್ಲ. ಕ್ಯಾಮೆರಾ ಯಾರ ಪಕ್ಷದಲ್ಲಿದೆ, ನೋವುಣ್ಣುವವರಿಗೆ ಚಿತ್ರದಲ್ಲಿ ಮಾತಿದೆಯೇ ಎಂದು ಕೇಳಬೇಕು. ಇಲ್ಲವೆಂದು ಕಂಡರೆ ನಿಲ್ಲಿಸಬಹುದು.

ಕೆಟ್ಟ ಚಿತ್ರದ ಹಿರಿಮೆ

ಎಡ್ ವುಡ್‌ನ 'ಪ್ಲಾನ್ 9 ಫ್ರಂ ಔಟರ್ ಸ್ಪೇಸ್' ಚಿತ್ರವನ್ನು 1980ರಲ್ಲಿ ಮೆಡ್ವೆಡ್ ಸಹೋದರರ ಪುಸ್ತಕವೊಂದು ಸಾರ್ವಕಾಲಿಕ ಕೆಟ್ಟ ಚಿತ್ರವೆಂದು ಸಾರಿದ ಮೇಲೆ ಅದು ಜಗದ್ವಿಖ್ಯಾತವಾಯಿತು. ಅಲುಗುವ ಗೋರಿಕಲ್ಲು, ಒಂದೇ ದೃಶ್ಯದಲ್ಲಿ ಹಗಲು ರಾತ್ರಿಗಳ ಅದಲುಬದಲು ಕಣ್ಣಿಗೆ ಹೊಡೆಯುತ್ತವೆ. 1956ರಲ್ಲಿ ತೀರಿಕೊಂಡ ನಟ ಬೆಲಾ ಲುಗೋಸಿಯ ಕೆಲವೇ ತುಣುಕುಗಳು ವುಡ್ ಬಳಿ ಇದ್ದವು. ಉಳಿದ ಕಡೆ ಇನ್ನೊಬ್ಬ ವ್ಯಕ್ತಿ ಮೇಲಂಗಿಯಿಂದ ಮುಖ ಮುಚ್ಚಿಕೊಂಡು ಓಡಾಡುತ್ತಾನೆ. ಇಷ್ಟೆಲ್ಲ ಇದ್ದರೂ, ಅದಕ್ಕಿಂತ ಕಳಪೆಯಾದ, ಯಾರಿಗೂ ನೆನಪಿರದ ನೂರಾರು ಚಿತ್ರಗಳಿಗಿಲ್ಲದ ಒಂದು ಗುಣ ಇದಕ್ಕಿದೆ. ತಾನು ಹೇಳುತ್ತಿರುವುದನ್ನು ವುಡ್ ಪೂರ್ತಿ ನಂಬಿದ್ದಾನೆ, ಮನುಷ್ಯರ ಅಸ್ತ್ರದಾಹವನ್ನು ಕುರಿತ ಅವನ ಆತಂಕ ಪ್ರಾಮಾಣಿಕವಾದದ್ದು. ಬೇಕೆಂದೇ ಕೆಟ್ಟದಾಗಿ ತೆಗೆದ ಇಂದಿನ ಚಿತ್ರಗಳಲ್ಲಿ ಈ ಶ್ರದ್ಧೆ ಇರುವುದಿಲ್ಲ. ಅವು ಬೇಗ ಬೇಸರ ತರಿಸುವುದು ಇದಕ್ಕೇ.

ಬೇರೆ ನಾಡುಗಳಲ್ಲಿ

ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ಥೇಮ್ಸ್ ದಡದ ಬ್ರೇ ಸ್ಟುಡಿಯೊದಲ್ಲಿ 'ದಿ ಕರ್ಸ್ ಆಫ್ ಫ್ರಾಂಕನ್‌ಸ್ಟೈನ್' (1957), 'ಡ್ರಾಕುಲಾ' (1958) ಚಿತ್ರಗಳಿಂದ ಬಣ್ಣದ ಭಯಾನಕ ಚಿತ್ರಕ್ಕೆ ಹೊಸ ಜೀವ ಕೊಟ್ಟಿತು. ಅಲ್ಲೂ ಸೆಟ್ಟಿನ ಮಿತವ್ಯಯವೇ: 1966ರ 'ದಿ ಪ್ಲೇಗ್ ಆಫ್ ದಿ ಝಾಂಬೀಸ್' ಮತ್ತು 'ದಿ ರೆಪ್ಟೈಲ್' ಒಂದೇ ಹಳ್ಳಿಯ ಸೆಟ್ಟಿನಲ್ಲಿ ತಯಾರಾದವು. ಇಟಲಿಯ ಮಾರಿಯೊ ಬಾವಾ ಛಾಯಾಗ್ರಾಹಕನಾಗಿದ್ದ 'ಇ ವಾಂಪಿರಿ'ಯಲ್ಲಿ (1957) ಬಣ್ಣದ ಪ್ರಸಾಧನ ಮತ್ತು ಬಣ್ಣದ ಫಿಲ್ಟರುಗಳ ಹೊಂದಾಣಿಕೆಯಿಂದ ನಟಿಯ ಮುಖ ಕತ್ತರಿಯಿಲ್ಲದೆ, ನೋಡನೋಡುತ್ತಲೇ ಮುಪ್ಪಾಗುತ್ತದೆ. ಅವನ 'ಬ್ಲ್ಯಾಕ್ ಸಂಡೇ' (1960) ನೆರಳು ಬೆಳಕಿನ ಪಾಠಪುಸ್ತಕ.

ಭಾರತದಲ್ಲಿ ಈ ಪರಂಪರೆಯ ಹೆಸರು ರಾಮ್ಸೆ ಸಹೋದರರು. 'ದೋ ಗಜ್ ಜಮೀನ್ ಕೆ ನೀಚೆ' (1972) ಚಿತ್ರಕ್ಕೆ ಇಡೀ ಕುಟುಂಬವೇ ಮಹಾಬಲೇಶ್ವರಕ್ಕೆ ಹೋಗಿ ಉಳಿದು ಕೆಲಸ ಮಾಡಿತು. ನಿರ್ದೇಶನ, ಕ್ಯಾಮೆರಾ, ಧ್ವನಿ, ಸಂಕಲನ ಅಣ್ಣತಮ್ಮಂದಿರಲ್ಲೇ ಹಂಚಿಕೆಯಾಗಿದ್ದವು. 'ಪುರಾನಾ ಮಂದಿರ್' (1984), 'ವೀರಾನಾ' (1988) ಅವರ ಹೆಸರುವಾಸಿ ಚಿತ್ರಗಳು. 1993ರಲ್ಲಿ ಶುರುವಾದ 'ಝೀ ಹಾರರ್ ಶೋ' ಮೂಲಕ ಅವರ ಶೈಲಿ ಕರ್ನಾಟಕದ ಮನೆಗಳಿಗೂ ಬಂತು.

ಪ್ರತಿಯ ಆಯ್ಕೆ

ಹಳೆಯ ಬಿ-ಚಿತ್ರಗಳ ಬಗ್ಗೆ ಇರುವ ತಾತ್ಸಾರಕ್ಕೆ ಕೆಟ್ಟ ಪ್ರತಿಗಳೂ ಒಂದು ಕಾರಣ. 'ನೈಟ್ ಆಫ್ ದಿ ಲಿವಿಂಗ್ ಡೆಡ್' ಬಿಡುಗಡೆಗೆ ಮುನ್ನ ಶೀರ್ಷಿಕೆ ಬದಲಾಯಿತು. ಹೊಸ ಶೀರ್ಷಿಕೆಯ ಫಲಕದಲ್ಲಿ ಹಂಚಿಕೆದಾರರು ಹಕ್ಕುಸ್ವಾಮ್ಯದ ಸೂಚನೆ ಹಾಕಲಿಲ್ಲ. ಅಂದಿನ ಕಾನೂನಿನಂತೆ ಹಕ್ಕೇ ಹೋಯಿತು, ಯಾರು ಬೇಕಾದರೂ ನಕಲು ಮಾಡಿ ಮಾರುವಂತಾಯಿತು. ನಕಲಿನ ನಕಲಿನಲ್ಲಿ ಕತ್ತಲೆ ಬೂದಿಯಾಗುತ್ತದೆ, ಮುಖಗಳು ಸುಣ್ಣವಾಗುತ್ತವೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ಫಿಲ್ಮ್ ಫೌಂಡೇಷನ್ ಮೂಲ ನೆಗೆಟಿವಿನಿಂದ ಪುನರುಜ್ಜೀವಿಸಿದ 2016ರ ಪ್ರತಿ ನೋಡಿದರೆ ಅದು ಬೇರೆಯೇ ಚಿತ್ರ.

ಪ್ರತಿ ಆರಿಸುವಾಗ ಗಮನಿಸಬೇಕಾದ ಅಂಶಗಳಿವು:

- ಪುನರುಜ್ಜೀವಿತ ಪ್ರತಿ ಸಿಗುವಂತಿದ್ದರೆ ಅದನ್ನೇ ಆರಿಸಬೇಕು.
- 'ಹೌಸ್ ಆಫ್ ಅಷರ್'ನಂಥ ಅಗಲ ಪರದೆಯ ಚಿತ್ರವನ್ನು ಟೀವಿಗೆಂದು ಎರಡೂ ಬದಿ ಕತ್ತರಿಸಿದ ರೂಪದಲ್ಲಿ ನೋಡಬಾರದು.
- ಕಪ್ಪು-ಬಿಳುಪು ಚಿತ್ರಕ್ಕೆ ಆಮೇಲೆ ಬಣ್ಣ ತುಂಬಿದ ಪ್ರತಿಗಳನ್ನು ಬಿಡಬೇಕು. ನೆರಳಿನ ಲೆಕ್ಕ ಅವುಗಳಲ್ಲಿ ಕೆಡುತ್ತದೆ.
- ಕೋಣೆಯ ದೀಪ ಆರಿಸಿ, ಧ್ವನಿ ಸಾಕಷ್ಟು ಏರಿಸಿ ನೋಡಬೇಕು.

ಎಲ್ಲಿಂದ ಆರಂಭ

ಹೊಸಬರಿಗೆ ಐದು ಚಿತ್ರಗಳ ಸಾಲು ಸಾಕು. ಮೊದಲು 'ಕ್ಯಾಟ್ ಪೀಪಲ್', ಕತ್ತಲೆ ಮತ್ತು ಸದ್ದಿನ ಪಾಠಕ್ಕೆ. ನಂತರ 'ದಿ ಲಿಟ್ಲ್ ಶಾಪ್ ಆಫ್ ಹಾರರ್ಸ್', ವೇಗಕ್ಕೆ. ಮೂರನೆಯದು 'ಹೌಸ್ ಆಫ್ ಅಷರ್', ಬಣ್ಣ ಮತ್ತು ಸೆಟ್ಟಿಗೆ. ನಾಲ್ಕನೆಯದು 'ಕಾರ್ನಿವಲ್ ಆಫ್ ಸೋಲ್ಸ್', ಜಾಗದ ಬಲ ತಿಳಿಯಲು. ಕೊನೆಯದು 'ನೈಟ್ ಆಫ್ ದಿ ಲಿವಿಂಗ್ ಡೆಡ್'. ಇದು ಮಕ್ಕಳ ಜೊತೆ ನೋಡುವ ಚಿತ್ರವಲ್ಲ. ಪ್ರತಿ ಚಿತ್ರವನ್ನೂ ಮೊದಲ ಸಲ ಕಥೆಗಾಗಿ ನೋಡಿ, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ಮತ್ತೆ ನೋಡಬೇಕು. ಎಷ್ಟು ಶಾಟುಗಳಿವೆ, ಬೆಳಕು ಎಲ್ಲಿಂದ ಬರುತ್ತದೆ, ಏನು ಕಾಣುವುದಿಲ್ಲ, ಯಾವ ಸದ್ದು ಕೆಲಸ ಮಾಡುತ್ತದೆ ಎಂದು ಗುರುತು ಹಾಕಿಕೊಂಡರೆ ನಿರ್ದೇಶಕನ ಮುಂದಿದ್ದ ಕೊರತೆ ಯಾವುದು, ಅದಕ್ಕೆ ಅವನು ಕಂಡ ದಾರಿ ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಆಮೇಲೆ ಹ್ಯಾಮರ್, ಬಾವಾ, ರಾಮ್ಸೆಗಳತ್ತ ಹೋಗುವವರಿಗೆ ಬೇರೆ ಮಾರ್ಗದರ್ಶನ ಬೇಕಾಗುವುದಿಲ್ಲ.